ಪಾಚಿಯ ಮನೆಯ ಒಕ್ಕಲು – ಏಳನೇ ಕಂತು: ನೇರಳೆ ಹೆಬ್ಬೆಟ್ಟು

"ಕೈ ನಡುಗಿಸ್ಬೇಡ. ಲೇಬಲ್ ಹರಿದ್ರೆ ಕತೆ ಅಲ್ಲಿಗೇ ಮುಗೀತು," ಎಂದರು ಬೆರಳಮ್ಮ.

"ನಡುಗ್ತಿರೋದು ನನ್ನ ಕೈ ಅಲ್ಲ ಅತ್ತೆ. ನೀವು ಒರಗಿರೋ ಟೇಬಲ್ಲು."

ಬೆರಳಮ್ಮ ಮೇಜಿನಿಂದ ಎರಡು ಹೆಜ್ಜೆ ದೂರ ಸರಿದರು. ಮೇಜು ಸುಮ್ಮನೆ ನಿಂತಿತು. ಸೊಸೆ ಚಿಮಟದ ತುದಿಯಲ್ಲಿ ಲೇಬಲ್ಲಿನ ಮೂಲೆ ಹಿಡಿದು, ಕಿರುಬೆರಳಷ್ಟು ಉದ್ದದ ಪ್ಲಾಸ್ಟಿಕ್ ಕೊಳವೆಯಿಂದ ಅದನ್ನು ನಿಧಾನವಾಗಿ ಬಿಡಿಸಿ, ಅಂಟಿನ ಮುಖ ಮೇಲೆ ಮಾಡಿ ಗಾಜಿನ ಬಟ್ಟಲಿನಲ್ಲಿಟ್ಟಳು.

ಅವಳು ಐದು ತಿಂಗಳು ಹೆಣಗಿ ಕೆರೆಯ ಪಾಚಿಯೊಂದರ ಜೊತೆ ಬದುಕುವ ಹೊಸ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ನಾಲ್ಕು ಕೊಳವೆಗಳಲ್ಲಿ ತುಂಬಿಟ್ಟಿದ್ದಳು. ಅವುಗಳಲ್ಲಿ ಒಂದು, ದೂರದೇಶದ ಸೂಕ್ಷ್ಮಜೀವಿ ಸಂಗ್ರಹಾಲಯಕ್ಕೆ ಹೋಗಿತ್ತು. ಉಳಿದ ಮೂರನ್ನು ನಾಲ್ಕು ದಿನದ ಹಿಂದೆ ತೆರೆದು ನೋಡಿದರೆ ಒಳಗಿದ್ದದ್ದು ಯಾವ ನಲ್ಲಿ ತಿರುಗಿಸಿದರೂ ಸಿಗುವ ಮಾಮೂಲಿ ಬ್ಯಾಕ್ಟೀರಿಯಾ.

ಲೇಬಲ್ ಮೇಲಿನ ಅಕ್ಷರ ಮಾತ್ರ ಅವಳದೇ. ಅದರಲ್ಲಿ ಅನುಮಾನವಿರಲಿಲ್ಲ.

"ಕೊಳವೆ ಯಾರದ್ದೋ, ಲೇಬಲ್ ನಿಂದು," ಎಂದರು ಬೆರಳಮ್ಮ. "ಯಾರೋ ನಿನ್ನ ಕೊಳವೆಯಿಂದ ಇದನ್ನ ಬಿಡಿಸಿ ಇದಕ್ಕೆ ಅಂಟಿಸಿದಾರೆ."

"ಅಲ್ಲಿವರೆಗೆ ನನಗೂ ಅರ್ಥ ಆಯ್ತು. ಆದ್ರೆ ಇಲ್ಲಿ ಎಲ್ರೂ ಗ್ಲೌಸ್ ಹಾಕ್ಕೊಂಡೇ ಕೆಲಸ ಮಾಡೋದು. ಬೆರಳಿನ ಗುರುತು ಎಲ್ಲಿಂದ ಬರ್ಬೇಕು?"

"ನೀನು ಮೊದಲು ಗ್ಲೌಸಲ್ಲೇ ಬಿಡಿಸೋಕೆ ಹೋದ್ಯಲ್ಲ, ಏನಾಯ್ತು?"

ಸೊಸೆ ಕಸದ ಡಬ್ಬಿಯತ್ತ ನೋಡಿದಳು. ಅಲ್ಲಿ ಅಂಟಿಗೆ ಕಚ್ಚಿಕೊಂಡು ಹರಿದ ಗ್ಲೌಸ್ ಬಿದ್ದಿತ್ತು.

"ಅದೇ ಮತ್ತೆ. ಅಂಟಿನ ಎದುರು ಗ್ಲೌಸಿನ ಆಟ ನಡೆಯಲ್ಲ. ಎಂಥಾ ಹುಷಾರಿನ ಮನುಷ್ಯ ಆದ್ರೂ ಲೇಬಲ್ ಕೀಳೋವಾಗ ಗ್ಲೌಸ್ ತೆಗೀತಾನೆ. ಮೂವತ್ತೊಂದು ವರ್ಷ ಇದನ್ನೇ ನೋಡ್ಕೊಂಡು ಬಂದಿದೀನಿ."

ಬೆರಳಮ್ಮ ಪೊಲೀಸ್ ಇಲಾಖೆಯ ಬೆರಳಚ್ಚು ವಿಭಾಗದಲ್ಲಿ ದುಡಿದು ನಿವೃತ್ತರಾದವರು. "ಬೆರಳಚ್ಚು ವಿಭಾಗದಲ್ಲಿದ್ದೆ" ಎಂದು ಹೇಳಿದಾಗಲೆಲ್ಲ ಹತ್ತರಲ್ಲಿ ಎಂಟು ಜನ, "ಹೌದಾ, ನಿಮಿಷಕ್ಕೆ ಎಷ್ಟು ಪದ ಟೈಪ್ ಮಾಡ್ತಿದ್ರಿ?" ಎಂದು ಕೇಳುತ್ತಿದ್ದರು. ಮೊದಮೊದಲು ತಿದ್ದುತ್ತಿದ್ದರು. ಆಮೇಲೆ ಬೇಸತ್ತು, "ಹತ್ತೂ ಬೆರಳು ಉಪಯೋಗಿಸ್ತಿದ್ದೆ" ಎಂದು ಹೇಳಿ ಸುಮ್ಮನಾಗುತ್ತಿದ್ದರು. ಸೊಸೆಯ ಪ್ರಯೋಗಾಲಯಕ್ಕೆ ಕಾಲಿಟ್ಟ ಮೊದಲ ದಿನವೇ ಅಲ್ಲಿಯವರು ಅವರಿಗೆ ಈ ಅಡ್ಡಹೆಸರು ಕಟ್ಟಿದ್ದರು. ಅವರಿಗದು ಇಷ್ಟವೂ ಆಗಿತ್ತು.

"ಅಂಟಿನ ಮೇಲೆ ಗುರುತು ಎಬ್ಬಿಸೋ ಪುಡಿ ಉದುರಿಸಿದ್ರೆ ಇಡೀ ಲೇಬಲ್ ಕಪ್ಪಾಗುತ್ತೆ," ಎಂದರು ಬೆರಳಮ್ಮ. "ನಮ್ಮಲ್ಲಿ ಒಂದು ನೇರಳೆ ಬಣ್ಣದ ನೀರು ಇಡ್ತಿದ್ವಿ. ಕ್ರಿಸ್ಟಲ್ ವಯೊಲೆಟ್ ಅಂತ. ಅದು ಈಗ ಎಲ್ಲಿ ಸಿಗುತ್ತೋ ಏನೋ."

ಸೊಸೆ ನಾಲ್ಕು ದಿನಗಳಲ್ಲಿ ಮೊದಲ ಸಲ ನಕ್ಕಳು. ಕೈ ಚಾಚಿ ತಲೆಯ ಮೇಲಿನ ಕಪಾಟಿನಿಂದ ಬಾಟಲಿಯೊಂದನ್ನು ಇಳಿಸಿ ಅತ್ತೆಯ ಮುಂದಿಟ್ಟಳು.

"ಬ್ಯಾಕ್ಟೀರಿಯಾ ಯಾವ ಗುಂಪಿನದು ಅಂತ ನೋಡೋಕೆ ನಾವು ಮೊದಲು ಹಾಕೋ ಬಣ್ಣವೇ ಇದು. ಈ ಬಾಟಲಿ ಇಲ್ಲದ ಲ್ಯಾಬೇ ಇಲ್ಲ ಅತ್ತೆ."

"ನೋಡಿದ್ಯಾ. ನಿನ್ನ ಕಸುಬೂ ನನ್ನ ಕಸುಬೂ ಒಂದೇ ಬಾಟಲಿಯಲ್ಲಿದೆ. ನಿನ್ನ ಗಂಡ ನಮ್ಮಿಬ್ರಿಗೂ ಮಾತಾಡೋಕೆ ವಿಷಯವೇ ಇಲ್ಲ ಅಂತಾನೆ."

ಲೇಬಲ್ಲಿನ ಮೇಲೆ ನೇರಳೆ ನೀರು ಹನಿಸಿ, ನೂರು ಎಣಿಸಿ, ತಣ್ಣೀರಿನ ಸಣ್ಣ ಧಾರೆಯಲ್ಲಿ ತೊಳೆದರು. ಬಣ್ಣ ಹರಿದು ಹೋಯಿತು. ಎರಡು ಕಡೆ ಮಾತ್ರ ಹೋಗಲಿಲ್ಲ.

ಬೆರಳಮ್ಮ ಭೂತಗನ್ನಡಿ ಹಿಡಿದು ಬಗ್ಗಿದರು. ಒಂದು ಗುರುತು ಸಣ್ಣದು. ಅದು ಸೊಸೆಯ ಹೆಬ್ಬೆರಳು, ಮನೆಯ ಕನ್ನಡಿಯ ಮೇಲೆ ದಿನಾ ನೋಡುವುದೇ. ಇನ್ನೊಂದು ಅಗಲವಾದ ಹೆಬ್ಬೆಟ್ಟು. ಸುಳಿಯ ನಟ್ಟನಡುವೆ ಓರೆಯಾಗಿ ಒಂದು ಗೆರೆ ಹಾದಿತ್ತು. ಹಳೆಯ ಗಾಯದ ಗುರುತು.

"ಸಿಕ್ಕ," ಎಂದರು.

ಆ ಕೊಳವೆಗಳನ್ನು ಇಟ್ಟಿದ್ದ ಶೀತಲ ಪೆಟ್ಟಿಗೆಯ ಬೀಗದ ಕೈ ಸೊಸೆಯನ್ನು ಬಿಟ್ಟರೆ ಇದ್ದದ್ದು ಮೂವರ ಬಳಿ.

ಮೊದಲನೆಯವರು ಸಂಸ್ಥೆಯ ದೊಡ್ಡ ಸಾಹೇಬರು. ಹೊಸ ಬ್ಯಾಕ್ಟೀರಿಯಾಕ್ಕೆ ತಮ್ಮ ಹೆಸರಿಡಲಿ ಎಂಬ ಆಸೆಯನ್ನು ಅವರು ಮುಚ್ಚಿಟ್ಟವರಲ್ಲ. "ನನ್ನ ಹೆಸರಿಗೆ ಲ್ಯಾಟಿನ್ ಬಾಲ ಲಕ್ಷಣವಾಗಿ ಕೂರುತ್ತೆ" ಎಂದು ಊಟದ ಕೋಣೆಯಲ್ಲಿ ಎರಡು ಸಲ ಹೇಳಿದ್ದರು. ಕೊಳವೆಗಳ ಸುದ್ದಿ ಬಂದ ಮೇಲೆ ಮಾತ್ರ ಅವರ ದನಿ ಬದಲಾಗಿತ್ತು. ಈ ಬ್ಯಾಕ್ಟೀರಿಯಾದ ಬಗ್ಗೆ ಪತ್ರಿಕೆಗೆ ಕಳಿಸಿದ್ದ ಲೇಖನವನ್ನು ಶುಕ್ರವಾರದೊಳಗೆ ಹಿಂದಕ್ಕೆ ತೆಗೆದುಕೊಳ್ಳದಿದ್ದರೆ ಸಂಸ್ಥೆಯ ಮಾನ ಹೋಗುತ್ತದೆ ಎಂದು ಸೊಸೆಗೆ ಚೀಟಿ ಕಳಿಸಿದ್ದರು. ಬೆರಳಮ್ಮ ಗುರುತು ಕೇಳಿದಾಗ ಮಾತ್ರ ಖುಷಿಯಿಂದ ಹತ್ತೂ ಬೆರಳು ಒತ್ತಿಕೊಟ್ಟು, "ಒಂದು ಪ್ರತಿ ನನಗೂ ಇರಲಿ" ಎಂದಿದ್ದರು. ಗಾಯದ ಗೆರೆ ಇರಲಿಲ್ಲ.

ಎರಡನೆಯವಳು ಕುಕ್ಕರ್ ಅಕ್ಕ. ಗಾಜಿನ ಸಾಮಾನು ತೊಳೆದು, ಆಳೆತ್ತರದ ಹಬೆಯ ಯಂತ್ರದಲ್ಲಿ ಬೇಯಿಸಿ, ಒಣಗಿಸಿ ಜೋಡಿಸುವುದು ಅವಳ ಕೆಲಸ. ಅವಳು ಎರಡು ಅಂಗೈಯನ್ನೂ ಬೆಳಕಿಗೆ ಹಿಡಿದು ತೋರಿಸಿದ್ದಳು.

"ನೋಡಿ ಅಮ್ಮ, ಇಪ್ಪತ್ತು ವರ್ಷ ಸೋಡಾಪುಡಿ ತಿಂದು ನುಣ್ಣಗಾಗಿದೆ. ಗೆರೆನೇ ಇಲ್ಲ. ಇಷ್ಟು ಅನುಕೂಲ ಇದೆ ಅಂತ ಮೊದ್ಲೇ ಗೊತ್ತಿದ್ರೆ ಬೇರೆ ಕಸುಬು ಹಿಡೀತಿದ್ದೆ."

ಹೊರಡುವಾಗ ಅವಳೇ ಇನ್ನೊಂದು ಮಾತು ಹೇಳಿದ್ದಳು. "ಹೋದ ಬುಧವಾರ ಕೆರೆ ಮೇಷ್ಟ್ರು ಬಂದು ಒಂದು ಲೋಟ ಕುದಿಯೋ ನೀರು ಇಸ್ಕೊಂಡು ಹೋದ್ರು. ಟೀ ಕಾಫಿ ಮುಟ್ಟೋರಲ್ಲ ಅವ್ರು. ವಾಪಸ್ ಬಂದ ಲೋಟದ ಅಂಚಲ್ಲಿ ಗೋಂದಿನ ಥರ ಏನೋ ಮೆತ್ತಿತ್ತು. ತಿಕ್ಕಿ ತಿಕ್ಕಿ ಸಾಕಾಯ್ತು."

ಮೂರನೆಯವರೇ ಆ ಕೆರೆ ಮೇಷ್ಟ್ರು. ಸಂಸ್ಥೆಯ ಪಾಚಿ ಸಂಗ್ರಹವನ್ನು ಮೊದಲಿನಿಂದ ಸಾಕಿದವರು. ಗುರುತು ಕೇಳಿದಾಗ "ಕೈ ಒದ್ದೆ ಇದೆ, ನಾಳೆ ನೋಡೋಣ" ಎಂದವರು. ಬೆರಳಮ್ಮ ಒತ್ತಾಯ ಮಾಡಲಿಲ್ಲ. "ಈ ಬಾಟಲಿ ಎಷ್ಟು ಚೆನ್ನಾಗಿದೆ, ಕೊಡಿ ನೋಡ್ತೀನಿ" ಎಂದು ಅವರ ಕೈಯಿಂದಲೇ ಒಂದು ಗಾಜಿನ ಬಾಟಲಿ ಇಸಿದುಕೊಂಡು ಬಂದಿದ್ದರು.

ಆ ಬಾಟಲಿ ಈಗ ಮೇಜಿನ ಮೇಲಿತ್ತು. ಬೆರಳಮ್ಮ ಬಾಟಲಿಯನ್ನೂ ಲೇಬಲ್ಲನ್ನೂ ಪಕ್ಕಪಕ್ಕ ಇಟ್ಟು ಭೂತಗನ್ನಡಿಯಲ್ಲಿ ಹನ್ನೆರಡು ಹೋಲಿಕೆ ಎಣಿಸಿದರು. ಗೆರೆ ಎಲ್ಲಿ ಕವಲೊಡೆದಿದೆ, ಎಲ್ಲಿ ನಿಂತಿದೆ, ಗಾಯ ಯಾವ ಗೆರೆಯಿಂದ ಹೊರಟು ಯಾವ ಗೆರೆಗೆ ಮುಟ್ಟಿದೆ. ಹನ್ನೆರಡೂ ಕೂಡಿದವು.

ಸೊಸೆಗೆ ಹೇಳಬೇಕಾಗಲಿಲ್ಲ. ಅವಳು ಆಗಲೇ ಸ್ಟೂಲಿನ ಮೇಲೆ ಕೂತುಬಿಟ್ಟಿದ್ದಳು.

"ಪಾಚಿ ಅಂದ್ರೆ ಏನು ಅಂತ ನನಗೆ ಹೇಳಿಕೊಟ್ಟೋರೇ ಅವ್ರು," ಎಂದಳು.

"ಹಾಗಾದ್ರೆ ಎದ್ದೇಳು. ಯಾಕೆ ಅಂತಲೂ ಅವರೇ ಹೇಳಿಕೊಡ್ಲಿ."

ಪಾಚಿಯ ಕೋಣೆ ಕಾರಿಡಾರಿನ ಕೊನೆಯಲ್ಲಿತ್ತು. ನೆಲದಿಂದ ಛಾವಣಿಯವರೆಗೆ ಗಾಜಿನ ಅಟ್ಟಗಳು, ಅಟ್ಟಕ್ಕೊಂದು ಟ್ಯೂಬ್‌ಲೈಟು, ಅದರ ಬೆಳಕಿನಲ್ಲಿ ನೂರಾರು ಬಾಟಲಿ. ಗಿಣಿ ಹಸಿರು, ಎಲೆ ಹಸಿರು, ಕಪ್ಪಿಗೆ ತಿರುಗಿದ ಹಸಿರು. ಒಂದು ಮೂಲೆಯಲ್ಲಿ ಯಂತ್ರವೊಂದು ಹತ್ತು ಬಾಟಲಿಗಳನ್ನು ತೊಟ್ಟಿಲಿನಂತೆ ತೂಗುತ್ತಿತ್ತು. ಕೆರೆ ಮೇಷ್ಟ್ರು ಕಿಟಕಿಯ ಬಳಿ ನಿಂತು ಒಂದೊಂದೇ ಬಾಟಲಿಯ ಕತ್ತು ಒರೆಸುತ್ತಿದ್ದರು.

"ಬನ್ನಿ ಬೆರಳಮ್ಮನೋರೇ. ನನ್ನ ಬಾಟಲಿ ವಾಪಸ್ ತಂದ್ರಾ?"

"ತಂದೆ. ಮೇಷ್ಟ್ರೇ, ನಿಮ್ಮ ಬಲಗೈ ಹೆಬ್ಬೆರಳಿಗೆ ಯಾವತ್ತು ಗಾಯ ಆಗಿತ್ತು?"

"ಯಾವುದೋ ಕಾಲದ್ದು. ಗಾಜು ಕೊಯ್ದಿತ್ತು."

"ಚೆನ್ನಾಗಿ ಮಾಗಿದೆ. ಚಿತ್ರ ತೋರಿಸ್ಲಾ?"

ಬೆರಳಮ್ಮ ಬಟ್ಟಲನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. ಮೇಷ್ಟ್ರು ಕನ್ನಡಕವನ್ನು ಹಣೆಗೆ ಏರಿಸಿ ಬಗ್ಗಿ ನೋಡಿದರು.

"ನೇರಳೆಯಲ್ಲಿ ಸೊಗಸಾಗಿ ಕಾಣುತ್ತೆ," ಎಂದರು. ಆಮೇಲೆ ಕೈಯಲ್ಲಿದ್ದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಕೆಳಗಿಟ್ಟರು.

"ಸರ್, ನಾಲ್ಕು ದಿನದಿಂದ ನಾನು ಊಟ ಬಿಟ್ಟಿದೀನಿ," ಎಂದಳು ಸೊಸೆ. "ನನ್ನ ಕೈಯಲ್ಲೇ ಏನೋ ತಪ್ಪಾಗಿದೆ ಅಂತ ಒಂದೊಂದು ಪುಟವನ್ನೂ ಮತ್ತೆ ತಿರುವಿ ಹಾಕಿದೀನಿ. ದೊಡ್ಡ ಸಾಹೇಬರ ಎದುರು ತಲೆ ಎತ್ತೋಕೆ ಆಗ್ತಿಲ್ಲ. ಹೀಗ್ಯಾಕೆ ಮಾಡಿದ್ರಿ?"

"ಅರ್ಧ ಊಟ ಬಿಟ್ಟಿದ್ಳು," ಎಂದರು ಬೆರಳಮ್ಮ. ಸಾಕ್ಷಿ ಹೇಳುವಾಗ ಹೆಚ್ಚು ಕಮ್ಮಿ ಮಾಡುವುದು ಅವರಿಗೆ ರೂಢಿಯಿಲ್ಲ.

ಮೇಷ್ಟ್ರು ಅಟ್ಟದ ಮಧ್ಯದಲ್ಲಿ ಒಂಟಿಯಾಗಿ ನಿಂತಿದ್ದ ಬಾಟಲಿಯೊಂದನ್ನು ತೋರಿಸಿದರು. ಅದರ ಮೇಲೆ ೧೨ ಎಂಬ ಸಂಖ್ಯೆ ಮಾತ್ರ ಬರೆದಿತ್ತು.

"ಇದು ಹನ್ನೆರಡನೇ ನಂಬರ್ ಪಾಚಿ. ಇಪ್ಪತ್ತಾರು ವರ್ಷದ ಹಿಂದೆ ಕೆರೆಯಿಂದ ತಂದೆ. ತೊಳೆದೆ, ಸೋಸಿದೆ, ಒಂದೇ ಒಂದು ಕಣ ಹಿಡಿದು ಮತ್ತೆ ಬೆಳೆಸಿದೆ. ಇದರಲ್ಲಿ ಬ್ಯಾಕ್ಟೀರಿಯಾ ಅನ್ನೋದು ಹೆಸರಿಗೂ ಇಲ್ಲ ಅಂತ ಬರೆದೆ. ಹನ್ನೊಂದು ದೇಶದಲ್ಲಿ ಜನ ನನ್ನ ಮಾತು ನಂಬಿ ಈ ಪಾಚಿ ಇಟ್ಕೊಂಡು ಕೆಲಸ ಮಾಡ್ತಿದಾರೆ. ನೀನು ಬಂದು ಇದರೊಳಗೇ ಒಬ್ಬ ಒಕ್ಕಲು ಇದಾನೆ ಅಂದೆ."

"ನಿಮ್ಮ ತಪ್ಪಲ್ಲ ಸರ್ ಅದು. ಮಾಮೂಲಿ ಆಹಾರ ಹಾಕಿದ್ರೆ ಅದು ಬೆಳೆಯೋದೇ ಇಲ್ಲ. ಪಾಚಿಯ ರಸವನ್ನೇ ತಟ್ಟೆಗೆ ಹಾಕಿದ ಮೇಲೆ ತಾನೇ ನನಗೆ ಕಂಡಿದ್ದು."

"ಅದನ್ನ ಒಪ್ಕೊಳ್ಳೋ ದೊಡ್ಡತನ ಆವತ್ತು ನನಗೆ ಬರಲಿಲ್ಲ. ನಿನ್ನ ಕೈಯಿಂದ ಬಿದ್ದ ಕಸ ಇದು ಅಂದ್ಕೊಂಡೆ. ಅದನ್ನ ತೋರಿಸಿಕೊಡೋಕೆ ಸ್ವಲ್ಪ ದಿನ ಬೇಕಿತ್ತು. ಅಷ್ಟರೊಳಗೆ ನೀನು ಲೋಕಕ್ಕೆಲ್ಲ ಸಾರಿಬಿಡ್ತೀಯ ಅಂತ ಭಯ."

"ತೋರಿಸಿಕೊಟ್ರಾ?" ಎಂದು ಕೇಳಿದರು ಬೆರಳಮ್ಮ.

ಮೇಷ್ಟ್ರು ಮೇಜಿನ ಡ್ರಾಯರ್ ಎಳೆದು, ಮುಚ್ಚಿದ ಗಾಜಿನ ತಟ್ಟೆಯೊಂದನ್ನು ತೆಗೆದರು. ತಟ್ಟೆಯ ತುಂಬ ಸಾಸಿವೆಗಿಂತ ಚಿಕ್ಕ ಚುಕ್ಕೆಗಳು. ಕಿತ್ತಳೆ ಬಣ್ಣ.

"ಮೊದಲನೇ ವರ್ಷ ಗಾಜು ಕರಗಿಸಿ ಬಾಯಿ ಮುಚ್ಚಿಟ್ಟ ಕೊಳವೆ ಒಂದಿತ್ತು. ನೀನು ಆಗ ಶಾಲೆಗೆ ಹೋಗ್ತಿದ್ದೆ. ಅದನ್ನ ಒಡೆದೆ. ನಿನ್ನ ರೀತಿಯಲ್ಲೇ ತಟ್ಟೆಗೆ ಹಾಕಿದೆ. ನಿನ್ನೆ ಬೆಳಿಗ್ಗೆ ನೋಡ್ತೀನಿ, ಇದು."

ಸೊಸೆ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದಳು. ಅವಳ ಸಿಟ್ಟು ಎಲ್ಲಿಗೋ ಹೋಗಿತ್ತು; ಮುಖದಲ್ಲಿ ಬೇರೇನೋ ಮೂಡಿತ್ತು.

"ಇಪ್ಪತ್ತಾರು ವರ್ಷ," ಎಂದಳು. "ಸರ್, ನನ್ನ ಹತ್ರ ಇದ್ದ ಎಲ್ಲ ಸಾಕ್ಷಿಗಿಂತ ಇದು ದೊಡ್ಡದು. ನೀವು ನನ್ನ ವಿರುದ್ಧ ಹುಡುಕಿದ್ದು ನನ್ನ ಕಡೆಗೇ ಬಂತು."

"ಅದಕ್ಕೇ ನಿನ್ನೆಯಿಂದ ನಿನ್ನ ಕೋಣೆವರೆಗೂ ಬರ್ತೀನಿ, ವಾಪಸ್ ಹೋಗ್ತೀನಿ."

"ಕೊಳವೆಗಳು?" ಎಂದರು ಬೆರಳಮ್ಮ.

ಮೇಷ್ಟ್ರು ಸಣ್ಣ ಶೀತಲ ಪೆಟ್ಟಿಗೆಯ ಬಾಗಿಲು ತೆರೆದರು. ಹಿಂಭಾಗದಲ್ಲಿ, ಹತ್ತಿಯಲ್ಲಿ ಸುತ್ತಿದ ಮೂರು ಕೊಳವೆಗಳು ಬೆತ್ತಲೆಯಾಗಿ, ಲೇಬಲ್ ಇಲ್ಲದೆ ಮಲಗಿದ್ದವು.

"ಎಸೆಯೋಕೆ ಮನಸ್ಸಾಗಲಿಲ್ಲ. ಪಾಚಿಯ ಹಳೇ ಒಕ್ಕಲು ಅಂತ ಗೊತ್ತಾದ ಮೇಲೆ ಎಸೆಯೋದು ಹೇಗೆ? ಆದ್ರೆ ಹಬೆ ಹಿಡಿದು ಲೇಬಲ್ ಬಿಡಿಸಿದ್ನಲ್ಲ, ಬದುಕಿವೆಯೋ ಇಲ್ಲವೋ ಹೇಳಲಾರೆ. ಏನು ಶಿಕ್ಷೆ ಕೊಡ್ತೀಯೋ ಕೊಡಮ್ಮ."

ಸೊಸೆ ಅತ್ತೆಯ ಮುಖ ನೋಡಿದಳು. ಬೆರಳಮ್ಮ ಕಿಟಕಿಯ ಹೊರಗೆ ನೋಡುತ್ತಿದ್ದರು. ಗುರುತು ಹೇಳುವುದು ಅವರ ಕೆಲಸ. ತೀರ್ಪು ಯಾವತ್ತೂ ಅವರ ಕೆಲಸವಾಗಿರಲಿಲ್ಲ.

"ನನ್ನ ಕೋಣೆಯಲ್ಲಿ ಬ್ಯಾಕ್ಟೀರಿಯಾ ತೆಗೆದ ಪಾಚಿ ಆರು ಬಾಟಲಿ ಬಿಳಿಚಿಕೊಂಡು ಕೂತಿದೆ," ಎಂದಳು ಸೊಸೆ. "ಅವು ನಿಮ್ಮ ಕೈಯಲ್ಲೇ ಚೇತರಿಸ್ಕೋಬೇಕು. ದೊಡ್ಡ ಸಾಹೇಬರಿಗೆ ನೀವೇ ಹೋಗಿ ಎಲ್ಲ ಹೇಳ್ಬೇಕು. ಇವತ್ತೇ."

ಮೇಷ್ಟ್ರು ತಲೆಯಾಡಿಸಿದರು. ಬಾಗಿಲ ತನಕ ಹೋಗಿ, ತಿರುಗಿ ಬಂದು ಹನ್ನೆರಡನೇ ನಂಬರಿನ ಬಾಟಲಿಯನ್ನು ಬಗಲಿಗೆ ಅವುಚಿಕೊಂಡು ಹೊರಟರು.

ಗುರುತಿನ ಪರೇಡಿನ ಏರ್ಪಾಟು ಬೆರಳಮ್ಮನದೇ. ಬಿಳಿಚಿಕೊಂಡ ಆರರಲ್ಲಿ ಮೂರು ಬಾಟಲಿಗೆ ಮರಳಿ ಸಿಕ್ಕ ಕಿತ್ತಳೆ ಬ್ಯಾಕ್ಟೀರಿಯಾ, ಮೂರಕ್ಕೆ ನಲ್ಲಿಯದು. ಯಾವುದರಲ್ಲಿ ಯಾವುದಿದೆ ಎಂಬುದು ನೋಡುವವರಿಗೆ ತಿಳಿಯಬಾರದೆಂದು ಅವರೇ ಬಾಟಲಿಗಳಿಗೆ ಗುಟ್ಟಿನ ಗುರುತು ಹಾಕಿ, ಚೀಟಿಯನ್ನು ಪರ್ಸಿನಲ್ಲಿ ಇಟ್ಟುಕೊಂಡರು. ಮನೆಯಲ್ಲಿ ಮಗ ಊಟ ಬಡಿಸುತ್ತ, "ನಿನ್ನ ಸೊಸೆಗಾದ್ರೂ ಹೇಳಮ್ಮ" ಎಂದು ದಿನಾ ಕೇಳಿದ. ಹೇಳಲಿಲ್ಲ. "ಬೇರೆ ಮನೆಯಲ್ಲಿ ಅತ್ತೆ ಸೊಸೆ ಬೀಗದ ಕೈಗೆ ಜಗಳ ಆಡ್ತಾರೆ, ನಮ್ಮನೇಲಿ ಬ್ಯಾಕ್ಟೀರಿಯಾಗೆ" ಎಂದು ಅವನು ಗೊಣಗಿದ.

ಐದನೆಯ ದಿನ ಎಲ್ಲವೂ ಬಿಳಿಚಿಕೊಂಡೇ ಇದ್ದವು. ಸೊಸೆ ನಿಜಕ್ಕೂ ಊಟ ಬಿಟ್ಟಳು. ಆರನೆಯ ದಿನ ಒಂದು ಬಾಟಲಿಯ ತಳದಲ್ಲಿ ತೆಳ್ಳನೆ ಹಸಿರು ಕಂಡ ಹಾಗಾಯಿತು. ಮೇಷ್ಟ್ರು ಅದು ಕಣ್ಣಿನ ಭ್ರಮೆ ಎಂದರು. ಒಂಬತ್ತನೆಯ ದಿನ ಬೆಳಿಗ್ಗೆ ಭ್ರಮೆಯ ಮಾತೇ ಉಳಿದಿರಲಿಲ್ಲ. ಮೂರು ಬಾಟಲಿ ಗಿಣಿ ಹಸಿರು, ಮೂರು ಗಂಜಿ ತಿಳಿಯ ಬಣ್ಣ. ಬೆರಳಮ್ಮ ಪರ್ಸಿನಿಂದ ಚೀಟಿ ತೆಗೆದು ಓದಿದರು. ಹಸಿರಾದ ಮೂರರಲ್ಲೂ ಇದ್ದದ್ದು ಕಿತ್ತಳೆಯೇ.

ಅದೇ ದಿನ ಡಿಎನ್‌ಎ ಅಕ್ಷರಗಳ ಪಟ್ಟಿಯೂ ಬಂತು. ಮೇಷ್ಟ್ರ ಹಳೆಯ ಕೊಳವೆಯ ಬ್ಯಾಕ್ಟೀರಿಯಾವೂ ಸೊಸೆಯದೂ ಅಕ್ಷರಕ್ಕೆ ಅಕ್ಷರ ಒಂದೇ. ಲೋಕದಲ್ಲಿ ಈವರೆಗೆ ಹೆಸರಿರುವ ಯಾವುದರ ಜೊತೆಗೂ ನೂರಕ್ಕೆ ತೊಂಬತ್ತಾರಕ್ಕಿಂತ ಹೆಚ್ಚು ಹೋಲಿಕೆಯಿಲ್ಲ.

"ತೊಂಬತ್ತಾರು ಅಂದ್ರೆ ಪಾಸಲ್ವಾ?" ಎಂದರು ಬೆರಳಮ್ಮ.

"ಇಲ್ಲಿ ಕಮ್ಮಿ ಬಂದಷ್ಟೂ ಒಳ್ಳೇದು ಅತ್ತೆ. ತೊಂಬತ್ತೊಂಬತ್ತು ಬಂದಿದ್ರೆ ಯಾರದ್ದೋ ತಮ್ಮ ಅಂತ ಅನುಮಾನ ಪಡ್ಬೇಕಿತ್ತು. ಇದು ದೂರದ ದಾಯಾದಿ. ಬೇರೆ ಮನೆ, ಬೇರೆ ಹೆಸರು."

ದೊಡ್ಡ ಸಾಹೇಬರು ತಾವೇ ಇಳಿದು ಬಂದು ಹಸಿರು ಬಾಟಲಿಗಳ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಲೇಖನ ಹಿಂಪಡೆಯುವ ಚೀಟಿಯ ಮಾತು ಯಾರೂ ಎತ್ತಲಿಲ್ಲ. ಕುಕ್ಕರ್ ಅಕ್ಕ ಎಲ್ಲರಿಗೂ ಟೀ ತಂದಳು. ಮೇಷ್ಟ್ರು ಕೂಡ ಒಂದು ಲೋಟ ತೆಗೆದುಕೊಂಡು, ಕಷಾಯದಂತೆ ಮುಖ ಮಾಡಿ ಕುಡಿದರು.

ಹನ್ನೊಂದು ಗಂಟೆಗೆ ಸೊಸೆಯ ಕಂಪ್ಯೂಟರಿನಲ್ಲಿ ದೂರದೇಶದ ಸಂಗ್ರಹಾಲಯದ ಪತ್ರ ಬಂದು ಕೂತಿತ್ತು. ಮೇಷ್ಟ್ರು ಕೈ ಹಾಕುವ ಮೊದಲೇ ರವಾನೆಯಾಗಿದ್ದ ನಾಲ್ಕನೇ ಕೊಳವೆಯ ವಿಚಾರ.

"ಜೋರಾಗಿ ಓದು," ಎಂದರು ಬೆರಳಮ್ಮ.

"ನೀವು ಕಳಿಸಿದ ಬ್ಯಾಕ್ಟೀರಿಯಾ ಜೀವಂತವಾಗಿದೆ, ಶುದ್ಧವಾಗಿದೆ," ಎಂದು ಸೊಸೆ ಓದಿದಳು. ಮೇಷ್ಟ್ರು ಮೆಲ್ಲಗೆ ಚಪ್ಪಾಳೆ ತಟ್ಟಿದರು. ಅವಳು ಮುಂದಿನ ಸಾಲಿಗೆ ಹೋಗಿ ನಿಂತಳು. ಮತ್ತೆ ಮೊದಲಿಂದ ಓದಿದಳು, ಈ ಸಲ ನಿಧಾನವಾಗಿ.

"ಆದರೆ ಇದೇ ಬ್ಯಾಕ್ಟೀರಿಯಾ ಹತ್ತೊಂಬತ್ತು ವರ್ಷಗಳಿಂದ ನಮ್ಮ ಸಂಗ್ರಹದಲ್ಲಿ ಹೆಸರಿಲ್ಲದೆ ಇದೆ. ಮೂಲ: ಹನ್ನೆರಡನೇ ನಂಬರ್ ಪಾಚಿ. ಕಳಿಸಿದವರ ಕೈಬರಹದ ಅರ್ಜಿಯ ಪ್ರತಿಯನ್ನು ಲಗತ್ತಿಸಿದ್ದೇವೆ."

ಪರದೆಯ ಮೇಲೆ ಅರ್ಜಿ ತೆರೆದುಕೊಂಡಿತು. ಹೆಸರಿನ ಜಾಗದಲ್ಲಿ ಸಂಸ್ಥೆಯ ವಿಳಾಸ ಮಾತ್ರ. ಅಕ್ಷರ ದುಂಡಗೆ, ಸಾಲು ತಪ್ಪದೆ, ಮುತ್ತು ಪೋಣಿಸಿದಂತಿತ್ತು.

ಮೇಷ್ಟ್ರ ಕೈಯಲ್ಲಿದ್ದ ಲೋಟ ವಾಲಿ ಉಳಿದ ಟೀ ಅವರ ಅಂಗಿಯ ಮೇಲೆ ಚೆಲ್ಲಿತು. ಅವರು ನೋಡಿಕೊಳ್ಳಲಿಲ್ಲ.

"ಇದು ನನ್ನ ಹೆಂಡತಿ ಅಕ್ಷರ," ಎಂದರು.

"ಅವರೂ ಇಲ್ಲಿ ಕೆಲಸದಲ್ಲಿದ್ರಾ?" ಎಂದು ಕೇಳಿದರು ಬೆರಳಮ್ಮ.

"ಎಲ್ಲಿ ಬಂತು. ಮಕ್ಕಳಿಗೆ ಸಂಗೀತ ಹೇಳಿಕೊಡೋಳು ಅವಳು. ಈ ಕಟ್ಟಡದೊಳಗೆ ಒಂದು ದಿನ ಕಾಲಿಟ್ಟಿಲ್ಲ. ಬ್ಯಾಕ್ಟೀರಿಯಾ ಅಂದ್ರೆ ಮೊಸರಲ್ಲಿರುತ್ತಲ್ಲ ಅದು ತಾನೇ ಅಂತ ಕೇಳ್ತಾಳೆ."

ಬೆರಳಮ್ಮ ಕುರ್ಚಿಯನ್ನು ಅವರ ಹತ್ತಿರ ಎಳೆದುಕೊಂಡರು. "ಮೇಷ್ಟ್ರೇ, ಈ ಸಲದ ಗಲಾಟೆ ಏನಾದ್ರೂ ಮನೇಲಿ ಹೇಳಿದ್ರಾ?"

"ಒಂದಕ್ಷರ ಹೇಳಿಲ್ಲ. ನಾಚಿಕೆ ಆಗ್ತಿತ್ತು."

"ಇನ್ನೂ ಇದೆ," ಎಂದಳು ಸೊಸೆ. ಅವಳ ಬೆರಳು ಪತ್ರದ ಕೊನೆಯ ಸಾಲುಗಳ ಮೇಲಿತ್ತು.

"ಕಳಿಸಿದವರು ವರ್ಷಕ್ಕೊಮ್ಮೆ ಪತ್ರ ಬರೆದು, ಬ್ಯಾಕ್ಟೀರಿಯಾ ಬದುಕಿದೆಯೇ ಎಂದು ವಿಚಾರಿಸುತ್ತ ಬಂದಿದ್ದಾರೆ. ಈ ವರ್ಷದ ಪತ್ರದಲ್ಲಿ ಬೇರೆಯೇ ಮಾತಿತ್ತು. 'ನಮ್ಮ ಊರಿನಿಂದಲೇ ಒಬ್ಬ ಹುಡುಗಿ ಇದನ್ನೇ ನಿಮಗೆ ಕಳಿಸಲಿದ್ದಾಳೆ. ನನ್ನ ಕೊಳವೆಯ ಜೊತೆ ಅದನ್ನು ದಯವಿಟ್ಟು ಒಂದೇ ಕೋಣೆಯಲ್ಲಿ ತೆರೆಯಬೇಡಿ.' ಕಾರಣ ತಿಳಿಸಿಲ್ಲ."

"ಆ ಪತ್ರಕ್ಕೆ ತಾರೀಖು ಇದೆಯಾ ನೋಡು," ಎಂದರು ಬೆರಳಮ್ಮ.

ಇತ್ತು. ಸೊಸೆ ಮೇಜಿನ ಮೇಲಿದ್ದ ತನ್ನ ಕೆಲಸದ ಪುಸ್ತಕವನ್ನು ತೆರೆದು ಪುಟ ತಿರುವಿದಳು. ಕಿತ್ತಳೆ ಚುಕ್ಕೆ ಅವಳ ತಟ್ಟೆಯಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡ ದಿನ ಸಿಕ್ಕಿತು. ಅವಳು ಎರಡು ತಾರೀಖನ್ನೂ ಬೆರಳಿಟ್ಟು ಹೋಲಿಸಿ, ಪುಸ್ತಕವನ್ನು ಅತ್ತೆಯ ಕಡೆಗೆ ತಿರುಗಿಸಿದಳು.

ಪತ್ರ ಬರೆದದ್ದು ಅದಕ್ಕೂ ಆರು ದಿನ ಮೊದಲು.